ಮನ್ಯಾಗ ಕಟ್ಟೂ ಎರಡು ಸೀಟಿನ ವಿಮಾನ: 45 ನಾಟ್ ಸ್ಟಾಲ್‌ಗೆ ರೆಕ್ಕಿ ಎಷ್ಟು ದೊಡ್ಡದಿರಬೇಕು?

ಉದ್ಯಮಬಾಗ ಟೂಲ್‌ರೂಮ್ (ಬೆಳಗಾವಿ)

ಎಲ್ಲಾರಿಗೂ ನಮಸ್ಕಾರ್ರಿ. ನಾ ಉದ್ಯಮಬಾಗದಾಗ 36 ವರ್ಷ ಜಿಗ್, ಡೈ ಮಾಡಿದಾಂವ. ರಿಟೈರ್ ಆಗಿ ಎರಡು ವರ್ಷ ಆತು. ಮಗಾ ಅಮೆರಿಕಾದ ಓಹಾಯೋದಾಗ ಕೆಲಸಕ್ಕ ಅದಾನ. ಅಂವಾ ಸಣ್ಣಾಂವ ಇದ್ದಾಗ ಸಾಂಬ್ರಾ ವಿಮಾನ ನಿಲ್ದಾಣದ ಕಂಪೌಂಡ್ ಹೊರಗ ಸೈಕಲ್ ನಿಲ್ಲಿಸಿ ಇಬ್ಬರೂ ವಿಮಾನ ಇಳಿಯೂದು ನೋಡ್ತಿದ್ವಿ. ನಮ್ಮ ಕೈಲೆ ಒಂದು ಕಟ್ಟಬೇಕು ಅನ್ನೂ ಆಸೆ ಆವಾಗಿಂದ ಐತಿ. ಈಗ ಶುರು ಮಾಡೇವಿ. ಡಿಸೈನ್ ಮತ್ತ ರಿಬ್ (ರೆಕ್ಕಿಗೆ ಆಕಾರ ಕೊಡೂ ಪಕ್ಕೆಲುಬು) ಇಲ್ಲೆ ನಾ ಮಾಡ್ತೀನಿ. ಜೋಡಣಿ ಅಲ್ಲೆ ಅಂವಾ ಮಾಡ್ತಾನ, ಹಾರೂದೂ ಅಲ್ಲೆ.

ಅಂವಾ ಕಲಿಯಾಕತ್ತಿದ್ದು ಸ್ಪೋರ್ಟ್ ಪೈಲಟ್ ಲೈಸೆನ್ಸ್. ಅಲ್ಲಿ ಕಾರ್ ಲೈಸೆನ್ಸ್ ಇದ್ರ ಸಾಕು, ಬ್ಯಾರೆ ಮೆಡಿಕಲ್ ಸರ್ಟಿಫಿಕೇಟ್ ಬೇಕಾಗೂದಿಲ್ಲ. ಆದ್ರ ವಿಮಾನ ಲೈಟ್ ಸ್ಪೋರ್ಟ್ ಚೌಕಟ್ಟಿನ್ಯಾಗ ಕೂಡಬೇಕು. ನನ್ನ ಕಡೆ ಇರೂ 2004ರ ನಿಯಮದ ಪ್ರಕಾರ ತುಂಬಿದ ತೂಕ 600 ಕಿಲೋ ದಾಟಬಾರದು, ಸೀಟು ಎರಡ, ಗಾಲಿ ಮಡಚೂಹಂಗಿಲ್ಲ, ನೆಟ್ಟಗ ಹಾರೂ ವೇಗ 120 ನಾಟ್ ಒಳಗ, ಸ್ಟಾಲ್ 45 ನಾಟ್ (ತಾಸಿಗೆ 83 ಕಿಲೋಮೀಟರ್) ಒಳಗ.

ನನ್ನ ರೆಕ್ಕಿ ನೆಟ್ಟನೆ ಆಯತ. ತುದಿಯಿಂದ ತುದಿಗೆ 8 ಮೀಟರ್, ಅಗಲ 1.2 ಮೀಟರ್, ಅಂದ್ರ 9.6 ಚದರ ಮೀಟರ್. ಸೆಕ್ಷನ್, ಅಂದ್ರ ರೆಕ್ಕಿ ಅಡ್ಡ ಕತ್ತರಿಸಿದ್ರ ಕಾಣೂ ಆಕಾರ, ನಾಕಾ 4415. ಎಂಜಿನ್ ರೋಟ್ಯಾಕ್ಸ್ 912, 100 ಎಚ್‌ಪಿದು. ಖಾಲಿ ತೂಕ 345, ಇಬ್ಬರು ಮಂದಿ 150, ಪೆಟ್ರೋಲ್ 70 ಲೀಟರ್ ಅಂದ್ರ 50, ಚೀಲ 15. ಒಟ್ಟು 560 ಕಿಲೋ. ಫ್ಲ್ಯಾಪ್ (ರೆಕ್ಕಿ ಹಿಂದಿನ ಅಂಚಿನ ಇಳಿಸೂ ಪಟ್ಟಿ) ಇಳಿಸಿದಾಗ ಗರಿಷ್ಠ ಲಿಫ್ಟ್ ಕೋಎಫಿಶಿಯಂಟ್, ಅಂದ್ರ ರೆಕ್ಕಿ ಎತ್ತೂ ತಾಕತ್ತಿನ ಅಂಕಿ, 1.9 ಹಿಡಿದೇನಿ. ಸ್ಟಾಲ್ 43 ನಾಟ್ ಬರತೈತಿ. ರಿಬ್ 22 ಮಾಡಿ ಮುಗಿಸೇನಿ. ಮುಂದ ಸ್ಪಾರ್ (ರೆಕ್ಕಿ ಉದ್ದಕ್ಕೂ ಹೋಗೂ ಮುಖ್ಯ ತೊಲಿ) ಕತ್ತರಿಸಬೇಕು. ಒಮ್ಮೆ ಕತ್ತರಿಸಿದ ಮ್ಯಾಲ ಮಾಲು ವಾಪಸ್ ಬರೂದಿಲ್ಲ. ಅದಕ್ಕ ಕೇಳಾಕತ್ತೀನಿ: ಎರಡು ನಾಟ್ ಅಂತರ ಸಾಕೇನ್ರಿ?

ಕಬ್ಬಿನ ಗಾಡಿ (ಮುಧೋಳ)

ಓದಿ ಭಾಳ ಖುಷಿ ಆತ್ರಿ. ಒಂದು ಕೇಳ್ತೀನಿ. ಸ್ಟಾಲ್ ಅಂದ್ರ ಎಂಜಿನ್ ಬಂದ್ ಬೀಳೂದು ಹೌದಲ್ರಿ?

ಸಾಂಬ್ರಾ ಹಳೆ ಕೈ (ಬೆಳಗಾವಿ)

ಅಲ್ರಿ. ಎಂಜಿನ್‌ಗೂ ಅದಕ್ಕೂ ಸಂಬಂಧ ಇಲ್ಲ. ನಿಮ್ಮ ಕಾಲುವಿ ನೀರು ಬದುವಿನ ಸಣ್ಣ ತಿರುವಿಗೆ ಅಂಟಿ ಹರೀತೈತಿ, ತಿರುವು ಜಾಸ್ತಿ ಆದ್ರ ದಂಡಿ ಬಿಟ್ಟು ಸುಳಿ ತಿರುಗತೈತಿ. ರೆಕ್ಕಿ ಬೆನ್ನ ಮ್ಯಾಲ ಗಾಳಿನೂ ಹಂಗ. ವಿಮಾನ ನಿಧಾನ ಆದಂಗ ಅದನ್ನ ಎತ್ತಿ ಹಿಡಿಯಾಕ ಮೂತಿ ಮ್ಯಾಲ ಮಾಡ್ತಾ ಹೋಗಬೇಕು. ಒಂದು ಮಟ್ಟದ ಮ್ಯಾಲ ಗಾಳಿ ರೆಕ್ಕಿ ಬೆನ್ನು ಬಿಡತೈತಿ, ಎತ್ತೂ ಶಕ್ತಿ ಒಮ್ಮೆಲೆ ಬೀಳತೈತಿ. ಅದಕ್ಕಿಂತ ನಿಧಾನ ಹಾರಾಕ ಆಗೂದಿಲ್ಲ. ಆ ವೇಗನ ಸ್ಟಾಲ್ ವೇಗ.

ವಿಜಯಪುರದಾಕಿ

ಕಾಕಾ, ಸ್ಪಾರ್ ಮುಟ್ಟಬ್ಯಾಡ್ರಿ. ಲೆಕ್ಕದಾಗ ಒಂದು ದೊಡ್ಡ ತಪ್ಪದ.

ನಾನು ಏರೋನಾಟಿಕಲ್ ಓದಿದಾಕಿ, ಈಗ ಬೆಂಗಳೂರಾಗ ಕೆಲಸ. ನೀವು ಹೇಳಿದ 2004ರ ನಿಯಮದಾಗ 45 ನಾಟ್ ಅಂದ್ರ ಫ್ಲ್ಯಾಪ್ ಇಲ್ಲದ ಸ್ಟಾಲ್. ಲಿಫ್ಟ್ ಹೆಚ್ಚಿಸೂ ಯಾವ ಸಲಕರಣೆನೂ ಬಳಸದ, ತುಂಬಿದ ತೂಕದಾಗ, ಸಿಜಿ (ವಿಮಾನದ ತೂಕದ ನಡುಬಿಂದು) ಎಲ್ಲಿದ್ರ ಅತಿ ಕೆಟ್ಟದೋ ಅಲ್ಲಿಟ್ಟು ನೋಡಬೇಕು. ಯುರೋಪಿನ ಲೈಟ್ ಸ್ಪೋರ್ಟ್ ನಿಯಮದಾಗೂ 45 ನಾಟ್ ಅಂತನ ಅದ, ಆದ್ರ ಅದು ಇಳಿಯೂ ಹೊತ್ತಿನ, ಫ್ಲ್ಯಾಪ್ ಇಳಿಸಿದ ಸ್ಟಾಲ್. ಅಂಕಿ ಒಂದ, ಅರ್ಥ ಎರಡು. ಭಾಳ ಮಂದಿ ಇಲ್ಲೇ ಎಡವತಾರ.

ಫ್ಲ್ಯಾಪ್ ಇಲ್ಲದ 4415ಕ್ಕ ಸೆಕ್ಷನ್ನಿನ ಗರಿಷ್ಠ 1.55 ಹಿಡೀರಿ. ಅದು ಗಾಳಿ ಸುರಂಗದಾಗ ಒಂದು ತುಂಡಿನ ಅಂಕಿ. ಇಡೀ ರೆಕ್ಕಿಗೆ ಸುಮಾರು ಹತ್ತರಾಗ ಒಂಬತ್ತು ಪಾಲು ಸಿಗತದ, ಅಂದ್ರ 1.4. ನಿಮ್ಮ ರೆಕ್ಕಿ ಮ್ಯಾಲ ಚದರ ಮೀಟರಿಗೆ 58 ಕಿಲೋ ಭಾರ. ಲೆಕ್ಕ ಹಾಕಿದ್ರ 50 ನಾಟ್ ಬರತದ. 43 ಅಲ್ಲ.

45ಕ್ಕ ತರಬೇಕಂದ್ರ ಚದರ ಮೀಟರಿಗೆ ಹತ್ತಿರ ಹತ್ತಿರ 47 ಕಿಲೋ ಅಷ್ಟ ಇರಬೇಕು. 560ಕ್ಕ 12 ಚದರ ಮೀಟರ್ ರೆಕ್ಕಿ.

ಉದ್ಯಮಬಾಗ ಟೂಲ್‌ರೂಮ್

ಯವ್ವಾ, ನೀ ಬರೆದದ್ದು ಮೂರು ಸಲ ಓದಿದೆ. ನನ್ನ ಕಡೆ ಇದ್ದ ಟಿಪ್ಪಣಿ ಯುರೋಪಿನದು, ಈಗ ನೋಡಿದೆ. ಅದ್ರಾಗ ಇಳಿಯೂ ಸ್ಥಿತಿ ಅಂತ ಸ್ಪಷ್ಟ ಐತಿ. ನಾ ಅದನ್ನ ಅಮೆರಿಕಾದ ನಿಯಮಕ್ಕೂ ಹಚ್ಚಿಬಿಟ್ಟೆ. ಎರಡೂವರಿ ಚದರ ಮೀಟರ್ ವ್ಯತ್ಯಾಸ ಅಂದ್ರ ಬ್ಯಾರೆ ವಿಮಾನನ ಆತು.

ತಿಳಕವಾಡಿ ಗಾಳಿ (ಬೆಳಗಾವಿ)

ಇನ್ನೊಂದು ಯಾರೂ ಹೇಳಲಿಲ್ಲ. ಈ ಲೆಕ್ಕ ಎಲ್ಲಾ ಸಮುದ್ರಮಟ್ಟದ್ದು. ಸಾಂಬ್ರಾ 758 ಮೀಟರ್ ಎತ್ತರ ಐತಿ. ಇಲ್ಲಿ ಗಾಳಿ ತೆಳ್ಳಗ, ಸ್ಟಾಲ್ ವೇಗ ಜಾಸ್ತಿ. ಅಂದ್ರ 12 ಅಲ್ಲ, 14 ಬೇಕು.

ಸಾಂಬ್ರಾ ಹಳೆ ಕೈ

ಅರ್ಧ ಖರೆ, ಅರ್ಧ ಸುಳ್ಳು. ನಾ ಏರ್‌ಫೋರ್ಸಿನ್ಯಾಗ ಇನ್‌ಸ್ಟ್ರುಮೆಂಟ್ ಫಿಟ್ಟರ್ ಇದ್ದಾಂವ, ನನ್ನ ಹೊಟ್ಟಿ ಹೊರೆದದ್ದ ಈ ಮೀಟರ್. ನಿಯಮದಾಗಿನ 45 ಕ್ಯಾಲಿಬ್ರೇಟೆಡ್ ವೇಗ, ಅಂದ್ರ ಮೀಟರ್ ತಪ್ಪು ತಿದ್ದಿದ ವೇಗ. ಸ್ಪೀಡ್ ಮೀಟರ್ ಅಳೆಯೂದು ಗಾಳಿ ಒತ್ತಡ. ರೆಕ್ಕಿ ಎತ್ತೂದೂ ಅದ ಒತ್ತಡದ ಮ್ಯಾಲ. ಗಾಳಿ ತೆಳ್ಳಗ ಆದ್ರ ಎರಡೂ ಕೂಡೇ ತೆಳ್ಳಗ ಆಗ್ತಾವು. ಅದಕ್ಕ ಓಹಾಯೋದಾಗೂ 45, ಬೆಳಗಾವ್ಯಾಗೂ 45, ಲಡಾಖಿನ್ಯಾಗೂ ಮೀಟರ್ 45ಕ್ಕ ಸ್ಟಾಲ್ ತೋರಸತೈತಿ. ರೆಕ್ಕಿ ದೊಡ್ಡದ ಮಾಡೂದು ಬೇಕಾಗಿಲ್ಲ.

ಆದ್ರ ನೆಲಕ್ಕ ಹತ್ತೂವಾಗ ಖರೆ ವೇಗ ಬ್ಯಾರೆ. ಏಪ್ರಿಲ್ ತಿಂಗಳ ಮಧ್ಯಾಹ್ನ 38 ಡಿಗ್ರಿ ಬಿಸಿಲಾಗ ಸಾಂಬ್ರಾದಾಗ ಮೀಟರ್ 45 ತೋರಿಸಿದ್ರ ಖರೆ ವೇಗ 49ರ ಹತ್ರ ಇರತೈತಿ. ತಾಸಿಗೆ 83 ಕಿಲೋಮೀಟರ್ ಅನ್ನೂದು 90 ಆಗತೈತಿ. ರನ್‌ವೇ ಹೆಚ್ಚು ನುಂಗತೈತಿ, ಎಂಜಿನ್ ದಮ್ಮೂ ಕಡಿಮಿ ಆಗಿರತೈತಿ. ನಿಮ್ಮ ಮಾತು ಅಲ್ಲಿ ಖರೆ.

ತಿಳಕವಾಡಿ ಗಾಳಿ

ಒಪ್ಪಿದೆ. ಒತ್ತಡದ ಮಾತು ತಲ್ಯಾಗ ಬಂದಿದ್ದಿಲ್ಲ.

ನವನಗರ ಗ್ಲೈಡರ್ (ಬಾಗಲಕೋಟೆ)

ಕಾಕಾ, ನಾನು ರಿಮೋಟ್ ವಿಮಾನ ಹಾರಿಸಾಂವ. ರೆಕ್ಕಿ ದೊಡ್ಡದು ಮಾಡೂ ಬದಲು ವೋರ್ಟೆಕ್ಸ್ ಜನರೇಟರ್ ಅಂಟಿಸ್ರಿ. ರೆಕ್ಕಿ ಮುಂದಿನ ಅಂಚಿನ ಹಿಂದ ಸಣ್ಣ ಸಣ್ಣ ತಗಡಿನ ರೆಪ್ಪಿ. ಅವು ಗಾಳಿಗೆ ಸುಳಿ ಕೊಟ್ಟು ರೆಕ್ಕಿಗೆ ಅಂಟಿಸಿ ಇಡ್ತಾವು. ಸ್ಟಾಲ್ ಮೂರ್ನಾಕು ನಾಟ್ ಇಳೀತೈತಿ. ಝೆನಿತ್ ಸಿಎಚ್ 701 ಅನ್ನೂ ಸಣ್ಣ ವಿಮಾನಕ್ಕ ರೆಕ್ಕಿ ಮುಂದ ಸ್ಥಿರ ಸ್ಲ್ಯಾಟ್ (ಮುಂದಿನ ಅಂಚಿನ ಪಟ್ಟಿ) ಅದಾವ ನೋಡ್ರಿ, ಭಾಳ ನಿಧಾನ ಹಾರತೈತಿ.

ಮತ್ತ ನಾಲ್ಕರಾಗ ಒಂದು ಅಳತಿ ಮಾಡೆಲ್ ಮಾಡಿ ಹಾರಿಸಿದ್ರ ಸ್ಟಾಲ್ ಎಷ್ಟು ಅಂತ ಮೊದಲ ಗೊತ್ತಾಗತೈತಿ. ನಾ ಮಾಡಿಕೊಡ್ತೀನಿ.

ವಿಜಯಪುರದಾಕಿ

ಮಾಡೆಲ್ ಮಾಡ್ರಿ, ಖಂಡಿತ ಮಾಡ್ರಿ. ಆದ್ರ ಅದರಿಂದ ಸ್ಟಾಲ್ ಅಂಕಿ ತಗೀಬ್ಯಾಡ್ರಿ. ಕಾಕಾನ ರೆಕ್ಕಿ ಸ್ಟಾಲ್ ಹತ್ರ ರೆನಾಲ್ಡ್ಸ್ ನಂಬರ್ (ರೆಕ್ಕಿ ಅಗಲ, ವೇಗ ಕೂಡಿ ಗಾಳಿ ಹೆಂಗ ಹರೀತದ ಅಂತ ಹೇಳೂ ಅಂಕಿ) 20 ಲಕ್ಷದ ಆಸುಪಾಸು. ಮಾಡೆಲ್ಲಿಗೆ ಅಗಲ ಕಾಲು ಭಾಗ, ವೇಗನೂ ಅರ್ಧ. ಅಂದ್ರ ಎಂಟರಾಗ ಒಂದು ಪಾಲು, ಎರಡೂವರಿ ಲಕ್ಷದ ಹತ್ರ. ಅಷ್ಟು ಕೆಳಗ ಗಾಳಿ ಬೇಗ ಬಿಟ್ಟು ಏಳತದ, ಗರಿಷ್ಠ ಲಿಫ್ಟ್ ಕಡಿಮಿ ಬರತದ. ಮಾಡೆಲ್ ತೋರಸೂದು ಸ್ಟಾಲಿನ ಸ್ವಭಾವ: ಮೂತಿ ಮೆಲ್ಲಗ ಬಗ್ಗತದೋ, ಒಂದು ರೆಕ್ಕಿ ದಬ್ಬಂತ ಬೀಳತದೋ. ಅದೂ ಪೂರ್ತಿ ಅಲ್ಲ.

ಜನರೇಟರ್ ಕೆಲಸ ಮಾಡತಾವ, ಸುಳ್ಳಲ್ಲ. ಆದ್ರ ಮೊದಲ ಲೆಕ್ಕದಾಗ ಹಿಡಿಯೂ ವಸ್ತು ಅಲ್ಲ ಅವು. ಹಾರಿಸಿದ ಮ್ಯಾಲ ಒಂದೆರಡು ನಾಟ್ ಕಮ್ಮಿ ಬಿದ್ರ ಅಂಟಿಸೂ ಔಷಧ. ಔಷಧದ ಮ್ಯಾಲ ಭರವಸೆ ಇಟ್ಟು ರೆಕ್ಕಿ ಸಣ್ಣದು ಮಾಡಬಾರದು.

ನವನಗರ ಗ್ಲೈಡರ್

ಅಕ್ಕಾರ, ನನ್ನ ಮಾಡೆಲ್‌ಗಳು ಕಾಗದದ ಲೆಕ್ಕಕ್ಕಿಂತ ಜೋರಾಗಿ ಯಾಕ ಇಳೀತಾವು ಅಂತ ನಾಲ್ಕು ವರ್ಷದಿಂದ ವಿಚಾರ ಮಾಡಾಕತ್ತಿದ್ದೆ. ಇವತ್ತು ತಿಳೀತು.

ವಿಜಯಪುರದಾಕಿ

ಕಾಕಾ, ನಿನ್ನೆ ಒಂದು ಬಿಟ್ಟಿದ್ದೆ. 12 ಅಂತ ಬರದೆ, ಅದು ಬಾಲ ಬಿಟ್ಟು ಮಾಡಿದ ಲೆಕ್ಕ. ಸಿಜಿ ಮುಂದ ಇದ್ದಾಗ ಮೂತಿ ಎತ್ತಾಕ ಬಾಲ ಕೆಳಗ ಒತ್ತಬೇಕಾಗತದ. ಅಷ್ಟು ಭಾರ ರೆಕ್ಕಿನ ಹೊರಬೇಕು. 5 ಪರ್ಸೆಂಟ್ ಹಿಡೀರಿ, 560 ಹೋಗಿ 588 ಹೊತ್ತಂಗ. ರೆಕ್ಕಿ ಹನ್ನೆರಡೂವರಿ ಆತು.

ಮತ್ತ ದೊಡ್ಡ ರೆಕ್ಕಿ ಪುಕ್ಕಟ ಬರೂದಿಲ್ಲ. ನಿಮ್ಮ ರೆಕ್ಕಿ ಚದರ ಮೀಟರಿಗೆ ಎಷ್ಟು ತೂಗತದ?

ಉದ್ಯಮಬಾಗ ಟೂಲ್‌ರೂಮ್

ನನ್ನ ಅಂದಾಜು ಚದರ ಮೀಟರಿಗೆ 6 ಕಿಲೋ. ಮೂರು ಚದರ ಮೀಟರ್ ಹೆಚ್ಚಾದ್ರ 18 ಕಿಲೋ. ಆ 18 ಕಿಲೋ ಹೊರಾಕ ಮತ್ತ ರೆಕ್ಕಿ. 13ಕ್ಕ ಹೋಗಿ ನಿಲ್ಲತೈತಿ.

ರಿಬ್ ತೂಕ ಅಂದಾಜಲ್ಲ, ತೂಗಿದ್ದು. ಕಿರಾಣಿ ಅಂಗಡಿ ಎಲೆಕ್ಟ್ರಾನಿಕ್ ತಕ್ಕಡಿ ಮ್ಯಾಲ ಒಂದೊಂದನ್ನ ಇಟ್ಟು ಪೆನ್ಸಿಲ್ಲಿನಿಂದ ಅದರ ಮ್ಯಾಲ ಬರೆದೇನಿ. ಹಗೂರಿದ್ದದ್ದು 246 ಗ್ರಾಂ, ಭಾರ ಇದ್ದದ್ದು 258. 0.63 ಎಂಎಂ ಅಲ್ಯುಮಿನಿಯಂ, 6061 ಟಿ6. ಮೊದಲನೇ ಐದು ರಿಬ್ ಭಂಗಾರಕ್ಕ (ಗುಜರಿಗೆ) ಹೋದ್ವು. ಫಾರ್ಮ್ ಬ್ಲಾಕ್ (ತಗಡು ಮಡಚೂ ಅಚ್ಚು) ಅಂಚು ಚೂಪಿತ್ತು, ನೈಲಾನ್ ಸುತ್ತಿಗಿಲೆ ಬಡಿದು ಮಡಚಿದಾಗ ಬೆಂಡಿನ ಹೊರಮೈ ಮ್ಯಾಲ ಕೂದಲಿನಂಥ ಸೀಳು ಬಿದ್ದಿದ್ವು. ಉಗುರಾಡಿಸಿದ್ರ ಸಿಗೂದಿಲ್ಲ, ಬಿಸಿಲಿಗೆ ಹಿಡಿದು ವಾರೆ ಮಾಡಿದ್ರ ಕಾಣತಾವು. ಅಂಚನ್ನ ಎರಡೂವರಿ ಎಂಎಂ ಗುಂಡಗ ಅರ ಹೊಡೆದ ಮ್ಯಾಲ ಒಂದೂ ಸೀಳಲಿಲ್ಲ. ಇಪ್ಪತ್ತೆರಡೂ ಒಂದರ ಮ್ಯಾಲೊಂದು ಇಟ್ರ ಅಂಚು ಒಂದ ಗೆರಿ ಕಾಣತೈತಿ. ಹೊಸಾ ಅಗಲಕ್ಕ ಹೋದ್ರ ಇವೆಲ್ಲಾ ಬಿಟ್ಟಂಗ.

ಶಹಾಪುರ ಪೇಟೆ (ಬೆಳಗಾವಿ)

ಟೂಲ್‌ರೂಮ್ ಅಣ್ಣಾರ, 345 ಕಿಲೋ ಖಾಲಿ ತೂಕ ಅಂತೀರಿ. ಅದ್ರಾಗ ಬಣ್ಣ ಹಿಡಿದೀರೇನು? ಸೀಟಿನ ಬಟ್ಟಿ, ವೈರಿಂಗ್, ಬ್ಯಾಟರಿ, ಎಣ್ಣಿ? ನಾ ಟ್ರಕ್ ಬಾಡಿ ಕಟ್ಟಾಂವ. ಕಾಗದದ ತೂಕಕ್ಕಿಂತ ತಯಾರಾದ ಬಾಡಿ ಹಗೂರ ಬಂದದ್ದು ನನ್ನ ಜನ್ಮದಾಗ ನೋಡಿಲ್ಲ.

ಉದ್ಯಮಬಾಗ ಟೂಲ್‌ರೂಮ್

ಬಣ್ಣ ಹಿಡಿದಿಲ್ಲ. ಇವತ್ತ ಸೇರಸ್ತೀನಿ.

ವಿಜಯಪುರದಾಕಿ

ಟ್ರಕ್ ಅಣ್ಣಾರು ಹೇಳಿದ್ದು ಈ ಇಡೀ ಚರ್ಚೆದಾಗ ಭಾಳ ಕಿಮ್ಮತ್ತಿನ ಮಾತು. ತೂಕ 10 ಪರ್ಸೆಂಟ್ ಏರಿದ್ರ ಸ್ಟಾಲ್ 5 ಪರ್ಸೆಂಟ್ ಏರತದ. 45 ಇದ್ದದ್ದು 47 ದಾಟತದ. ಸೆಕ್ಷನ್ ಬದಲು ಮಾಡಿ ಒಂದು ನಾಟ್ ಗಳಸಾಕ ಒಂದು ವರ್ಷ ಓದಬೇಕು, ಇಪ್ಪತ್ತೈದು ಕಿಲೋ ಇಳಸಿದ್ರ ಅದ ಒಂದು ನಾಟ್ ಸಿಗತದ.

ತಿಳಕವಾಡಿ ಗಾಳಿ

ಎಲ್ಲಾರೂ ಅಮೆರಿಕಾ ಅಮೆರಿಕಾ ಅನ್ನಾಕತ್ತೀರಿ. ನಮ್ಮಲ್ಲೆ ಯಾಕ ಹಾರಿಸಬಾರದು?

ಶಹಾಪುರ ಪೇಟೆ

ಪರವಾನಗಿ ಕಾಗದ ತಿರುಗಿ ತಿರುಗಿ ಹೈರಾಣ ಆಗ್ತೀರಿ. ಮುಂಬೈದಾಗ ಅಮೋಲ್ ಯಾದವ್ ಅನ್ನಾವ್ರು ಮನಿ ಟೆರೇಸ್ ಮ್ಯಾಲ ಆರು ಸೀಟಿನ ವಿಮಾನ ಕಟ್ಟಿದ್ರು. 2016ರಾಗ ಮೇಕ್ ಇನ್ ಇಂಡಿಯಾ ಪ್ರದರ್ಶನದಾಗ ಇಟ್ಟಿದ್ರು. ರಿಜಿಸ್ಟ್ರೇಶನ್ ಸಿಗಾಕ 2017 ಬರಬೇಕಾತು. ಅವ್ರು ಸ್ವತಃ ಪೈಲಟ್, ಆದ್ರೂ ಅಷ್ಟು ಹೊತ್ತು ಹಿಡೀತು.

ಸಾಂಬ್ರಾ ಹಳೆ ಕೈ

ನಮ್ಮ ದೇಶದಾಗ ಇಂಥಾ ವಿಮಾನ ಹೊಸದಲ್ಲ. ಎಚ್‌ಎಎಲ್ ಪುಷ್ಪಕ್ 1958ರಾಗ ಹಾರಿತು. ಎರಡು ಸೀಟು, ಬಟ್ಟಿ ಹೊದಿಸಿದ್ದು, 90 ಎಚ್‌ಪಿ ಎಂಜಿನ್. ಫ್ಲೈಯಿಂಗ್ ಕ್ಲಬ್‌ಗಳಾಗ ಅದ ಇತ್ತು. ಅದರ ಹಿಂದಿದ್ದ ಡಾ. ವಿ.ಎಂ. ಘಾಟಗೆ ಇಲ್ಲೇ ಕೊಲ್ಹಾಪುರ ಕಡಿಯಾವ್ರು. ಜರ್ಮನಿಯ ಗಟಿಂಗೆನ್‌ದಾಗ ಪ್ರಾಂಟ್ಲ್ ಕೈಕೆಳಗ ಓದಿ ಬಂದಾವ್ರು. ಈ ತಂಗಿ ಮ್ಯಾಲ ಹೇಳಿದಳಲ್ಲ, ಸೆಕ್ಷನ್ ಅಂಕಿ ಬ್ಯಾರೆ, ಇಡೀ ರೆಕ್ಕಿ ಅಂಕಿ ಬ್ಯಾರೆ ಅಂತ, ಆ ಲೆಕ್ಕ ಹಾಕಿಕೊಟ್ಟಾವ್ರು ಅದ ಪ್ರಾಂಟ್ಲ್. ನಮ್ಮ ಕಡಿ ಹುಡುಗ ಒಬ್ಬ ಅವ್ರ ಮುಂದ ಕುಂತು ಕಲ್ತು ಬಂದು ಬೆಂಗಳೂರಾಗ ವಿಮಾನ ಮಾಡಿದ. ಇದನ್ನ ನಮ್ಮ ಶಾಲಿ ಮಕ್ಕಳಿಗೆ ಹೇಳಬೇಕ್ರಿ.

ನವನಗರ ಗ್ಲೈಡರ್

ಇದು ಗೊತ್ತಿದ್ದಿಲ್ಲ. ನಮ್ಮ ಕಾಲೇಜಿನ ಹುಡುಗರ ಗ್ರೂಪಿಗೆ ಹಾಕಿದೆ.

ಗೋಕಾಕದಾಂವ, ವಿಸ್ಕಾನ್ಸಿನ್

ತಡವಾಗಿ ಬಂದೆ, ಕ್ಷಮಿಸ್ರಿ. ನಾ ಇಲ್ಲಿ ಸ್ಪೋರ್ಟ್ ಪೈಲಟ್. ಓಶ್‌ಕೋಶ್ ವಿಮಾನ ಮೇಳದಾಗ ಪ್ರತಿ ವರ್ಷ ಟೆಂಟ್ ಹೊಡೀತೀನಿ. ಕಾಕಾರ, ನೀವೆಲ್ಲಾ ಹಿಡಕೊಂಡು ಕುಂತ 45 ನಾಟ್ ಈಗ ಇಲ್ರಿ!

ಮೊಸಾಯಿಕ್ ಅಂತ ಹೊಸ ನಿಯಮ 2025ರ ಜುಲೈದಾಗ ಓಶ್‌ಕೋಶ್‌ದಾಗನ ಘೋಷಣೆ ಆತು. ಪೈಲಟ್‌ಗೆ ಸಂಬಂಧಪಟ್ಟ ಭಾಗ 2025ರ ಅಕ್ಟೋಬರ್ 22ರಿಂದ ಜಾರಿ. ಈಗ ಸ್ಪೋರ್ಟ್ ಪೈಲಟ್ ಹಾರಿಸೂ ವಿಮಾನದ ಸ್ಟಾಲ್ ಫ್ಲ್ಯಾಪ್ ಇಲ್ಲದ 59 ನಾಟ್ ತನಕ ಇರಬಹುದು. 600 ಕಿಲೋ ಮಿತಿ ತಗದಾರ. ನಾಲ್ಕು ಸೀಟಿನ ವಿಮಾನನೂ ನಡೀತೈತಿ, ಆದ್ರ ಕೂಡಿಸ್ಕೊಳ್ಳೂದು ಒಬ್ಬರನ್ನ ಅಷ್ಟ. ತಯಾರಾಗಿ ಬರೂ ಹೊಸ ಲೈಟ್ ಸ್ಪೋರ್ಟ್ ವಿಮಾನಗಳ ಸರ್ಟಿಫಿಕೇಟ್ ಭಾಗ ಬ್ಯಾರೆ, ಅದಕ್ಕ ತಾರೀಖು 2026ರ ಜುಲೈ 24, ಅಲ್ಲಿ ಇಳಿಯೂ ಸ್ಥಿತಿ ಸ್ಟಾಲ್ 61 ನಾಟ್. ನಿಮ್ಮದು ಮನ್ಯಾಗ ಕಟ್ಟೂದು, ನಿಮಗ ಬೇಕಾದ್ದು ಮೊದಲನೇ ಭಾಗ.

ಅಂದ್ರ ನಿಮ್ಮ ಹಳೆ 9.6 ಚದರ ಮೀಟರ್ ರೆಕ್ಕಿ ಕಾನೂನಿನ ಪ್ರಕಾರ ಪಾಸ್. ಇನ್ನೂ ಸಣ್ಣದು ಮಾಡಿದ್ರೂ ಪಾಸ್.

ಇನ್ನೊಂದು. ನೀವು ಅಲ್ಲಿ ರಿಬ್ ಮಾಡೂದಕ್ಕ ತೊಂದರಿ ಇಲ್ಲ. ಕಟ್ಟೂ ಕೆಲಸದ ಹೆಚ್ಚಿನ ಪಾಲು ಕಲಿಯಾಕ ಅಥವಾ ಹವ್ಯಾಸಕ್ಕ ಮಾಡಾವ್ರ ಕೈಯಾಗ ಆಗಿರಬೇಕು ಅಂತ ನಿಯಮ. ನೀವೂ ಹವ್ಯಾಸದಾವ್ರ. ಪ್ರತಿ ರಿಬ್ ಮಾಡೂವಾಗ ಫೋಟೋ ತಗೀರಿ, ತಾರೀಖು ಹಾಕಿ ದಾಖಲಿ ಪುಸ್ತಕದಾಗ ಬರೀರಿ.

ತಿಳಕವಾಡಿ ಗಾಳಿ

ಹಂಗಿದ್ರ ಮುಗೀತಲ್ರಿ. ಅಣ್ಣಾರ, 22 ರಿಬ್ ಉಳದ್ವು. ಸ್ಪಾರ್ ಕತ್ತರಸ್ರಿ. ಸಣ್ಣ ರೆಕ್ಕಿಗೆ ಕ್ರೂಸ್ ವೇಗನೂ ಹೆಚ್ಚು, ಮಧ್ಯಾಹ್ನದ ಬಿಸಿಗಾಳಿ ಕುಲುಕಾಟನೂ ಕಡಿಮಿ. ದೊಡ್ಡ ರೆಕ್ಕಿ ಹಗೂರ ವಿಮಾನ ಗಾಳಿಗೆ ಕಾಗದ ಹಾರಿದಂಗ ಹಾರತೈತಿ.

ವಿಜಯಪುರದಾಕಿ

ಕುಲುಕಾಟದ ಮಾತು ಖರೆ. ಆದ್ರ ಕಾನೂನು 59 ಬಿಟ್ಟದ ಅಂತ 59ಕ್ಕ ಕಟ್ಟಬೇಕಂತಿಲ್ಲ.

ಈ ಮಿತಿ ಯಾಕ ಇಟ್ಟಾರ ಅಂತ ವಿಚಾರ ಮಾಡ್ರಿ. ಎಂಜಿನ್ ನಿಂತಾಗ ವಿಮಾನ ಹೊಲದಾಗ ಇಳಿಯೂದು ಸ್ಟಾಲ್‌ಗಿಂತ ಸ್ವಲ್ಪ ಮ್ಯಾಲಿನ ವೇಗದಾಗ. ಢಿಕ್ಕಿ ಶಕ್ತಿ ವೇಗದ ವರ್ಗಕ್ಕ ಏರತದ. 45ಕ್ಕ ಹೋಲಿಸಿದ್ರ 59ರಾಗ 1.7 ಪಟ್ಟು. ಮನಷಾನ ಬೆನ್ನೆಲುಬಿಗೆ 2025ರ ನಿಯಮ ಗೊತ್ತಿಲ್ಲ.

ತಿಳಕವಾಡಿ ಗಾಳಿ

ತಂಗಿ, ಅವ್ರು 59 ಮಾಡಾಕತ್ತಿಲ್ಲ, 50. ಮತ್ತ ಇಳಿಯೂವಾಗ ಫ್ಲ್ಯಾಪ್ ಇರತೈತಿ. ಆಗ 43. ಎಲ್ಲಾದಕ್ಕೂ ಹೆದರಿದ್ರ ವಿಮಾನ ಕಟ್ಟಬಾರದು.

ವಿಜಯಪುರದಾಕಿ

ಬಾಲದ ಒತ್ತು ಸೇರಿಸಿ ಹೇಳ್ರಿ. ಫ್ಲ್ಯಾಪ್ ಇಲ್ಲದ 51.5, ಫ್ಲ್ಯಾಪ್ ಇಳಿಸಿದ್ರ 44. ನಾನು ಹೆದರ್ರಿ ಅಂತ ಹೇಳಾಕತ್ತಿಲ್ಲ. ಹಾರೂ ಹುಡುಗ ಎಷ್ಟು ತಾಸು ಹಾರಿದಾಂವ ಅಂತ ಕೇಳಾಕತ್ತೀನಿ.

ಗೋಕಾಕದಾಂವ, ವಿಸ್ಕಾನ್ಸಿನ್

ನಾನೂ ಈ ಅಕ್ಕನ ಪರ. ಸ್ಪೋರ್ಟ್ ಪೈಲಟ್‌ಗೆ ಕನಿಷ್ಠ ತರಬೇತಿ 20 ತಾಸು. ನಾ 41 ತಾಸು ತಗೊಂಡೆ. ಮೊದಲನೇ ವರ್ಷ ಇಳಿಯೂವಾಗ ವೇಗ ಹಿಡಿಯಾಕ ಬರ್ತಿದ್ದಿಲ್ಲ. ಐದು ನಾಟ್ ಆ ಕಡೆ, ಐದು ನಾಟ್ ಈ ಕಡೆ. ನಿಧಾನ ವಿಮಾನ ನನ್ನನ್ನ ಕ್ಷಮಿಸ್ತು.

ಸಾಂಬ್ರಾ ಹಳೆ ಕೈ

ನನ್ನದೂ ಒಂದು ಕೇಳ್ರಿ. ಸ್ಟಾಲ್ ಅಂಕಿ ಕೇಳಿದ್ರ ಮಂದಿ ಮೀಟರ್ ನೋಡಿ ಹೇಳ್ತಾರ. ರಿಟೈರ್ ಆದ ಮ್ಯಾಲ ಒಬ್ರು ಮೈಕ್ರೋಲೈಟ್ ಮಾಲಕರು ನನ್ನ ಕರೆಸಿದ್ರು. ಅವ್ರ ವಿಮಾನ 28 ನಾಟಿಗೆ ಸ್ಟಾಲ್ ಆಗತೈತಿ ಅಂತ ಅವ್ರಿಗೆ ಹೆಮ್ಮಿ. ರೆಕ್ಕಿ ಅಳದು ತೂಕ ಹಾಕಿ ನೋಡಿದೆ, ಯಾವ ಲೆಕ್ಕದಾಗೂ 35ರ ಕೆಳಗ ಬರಾಕ ಶಕ್ಯ ಇಲ್ಲ. ಗಾಳಿ ಒತ್ತಡ ಹಿಡಿದು ಮೀಟರಿಗೆ ಕೊಡೂ ಪಿಟೋಟ್ ಕೊಳವಿ ಹಗೂರ ಬಗ್ಗಿ ಕೆಳಗ ಮುಖ ಮಾಡಿತ್ತು. ನೆಟ್ಟಗ ಹಾರೂವಾಗ ಫರಕು ಕಾಣೂದಿಲ್ಲ. ಮೂತಿ ಎತ್ತಿದಾಗ ಗಾಳಿ ಕೊಳವಿಗೆ ವಾರೆ ಹೊಡೀತೈತಿ, ಒತ್ತಡ ಪೂರ್ತಿ ಸಿಗೂದಿಲ್ಲ, ಮೀಟರ್ ಕಡಿಮಿ ತೋರಸತೈತಿ. ಆ ಮನಷ್ಯಾ ಆ ಸುಳ್ಳು 28ರ ಮ್ಯಾಲ ಲೆಕ್ಕ ಹಾಕಿ ಇಳಿಸ್ತಿದ್ದ. ಮೀಟರ್ ಅಷ್ಟ ಸುಳ್ಳನ್ನ ಇಳಿಯೂವಾಗೂ ಹೇಳಿದ್ದಿದ್ರ ನಡೀತಿತ್ತು, ಆದ್ರ ಇಳಿಯೂ ಕೋನ ಬ್ಯಾರೆ, ಸುಳ್ಳೂ ಬ್ಯಾರೆ. ನಾ ಆ ಕೊಳವಿ ನೆಟ್ಟಗ ಮಾಡಿ ಕೊಟ್ಟ ದಿನ ರಾತ್ರಿ ನನಗ ನಿದ್ದಿ ಬರಲಿಲ್ಲ.

ನಿಮ್ಮ ಮಗಗ ಹೇಳ್ರಿ: ಸಾಕಷ್ಟು ಎತ್ತರಕ್ಕ ಹೋಗಿ, ಎಂಜಿನ್ ಐಡಲ್ ಮಾಡಿ, ಸೆಕೆಂಡಿಗೆ ಒಂದು ನಾಟ್ ಲೆಕ್ಕದಾಗ ನಿಧಾನ ಮಾಡಿ ಸ್ಟಾಲ್ ನೋಡಬೇಕು. ಅದಕ್ಕೂ ಮೊದಲ ಜಿಪಿಎಸ್ ಹಚ್ಚಿ ನಾಲ್ಕೂ ದಿಕ್ಕಿಗೆ ಹಾರಿ ಮೀಟರ್ ತಪ್ಪೆಷ್ಟು ಅಂತ ತಗೀಬೇಕು.

ಶಹಾಪುರ ಪೇಟೆ

ಸಾಂಬ್ರಾ ಕಾಕಾರ, ಇದನ್ನ ಬ್ಯಾರೆ ಚರ್ಚೆ ಮಾಡಿ ಬರೀರಿ. ಕೆಳಗ ಉಳದ್ರ ಯಾರಿಗೂ ಸಿಗೂದಿಲ್ಲ.

ಉದ್ಯಮಬಾಗ ಟೂಲ್‌ರೂಮ್

ನಾಲ್ಕು ದಿನ ಬರೀಲಿಲ್ಲ. ಮಗಗ, ಸೊಸಿಗೆ ಇದೆಲ್ಲಾ ಓದಿಸಿದೆ. ಸೊಸಿ ಫೋನಿನ್ಯಾಗ ಒಂದ ಮಾತು ಕೇಳಿದಳು: ಮಾವಾ, ಎಂಜಿನ್ ನಿಂತ್ರ ನೆಲಕ್ಕ ಹತ್ತೂವಾಗ ಎಷ್ಟು ವೇಗ ಇರತೈತಿ? ನಾ 9.6ರ ಅಂಕಿ ಹೇಳಾಕ ಬಾಯಿ ತಗದೆ, ಹೇಳಾಕ ಆಗಲಿಲ್ಲ.

ತೀರ್ಮಾನ ಹೀಂಗ ಮಾಡೇನಿ. ರಿಬ್ ಬದಲಾಗೂದಿಲ್ಲ, ಅಗಲ ಅದ 1.2 ಮೀಟರ್. ಉದ್ದ 8 ಇದ್ದದ್ದನ್ನ 10 ಮಾಡ್ತೀನಿ. 12 ಚದರ ಮೀಟರ್ ಆತು. ರಿಬ್ ಇನ್ನೂ ಆರು ಬೇಕು, ಅಷ್ಟ. ತೂಕ 14 ಕಿಲೋ ಏರಿ 574. ಬಾಲದ ಒತ್ತು ಸೇರಿಸಿ ಫ್ಲ್ಯಾಪ್ ಇಲ್ಲದ 46.6 ನಾಟ್, ಇಳಿಸಿದ್ರ 40. ಹಳೆ 45 ಮಿತಿಗಿಂತ ಒಂದೂವರಿ ನಾಟ್ ಹೆಚ್ಚಾತು, ಆದ್ರ ಅದಕ್ಕಾಗಿ 13ಕ್ಕ ಹೋಗಿ ಎಲ್ಲಾ ರಿಬ್ ಭಂಗಾರಕ್ಕ ಹಾಕೂದು ಈಗ ಬೇಕಾಗಿಲ್ಲ. ಬಣ್ಣದ ತೂಕ ಇನ್ನೂ ಸೇರಿಲ್ಲ. ಅದಕ್ಕ ಸಾಮಾನು ಚೀಲದ 15ರಾಗ ಕಡಿಮಿ ಮಾಡ್ತೀವಿ ಅಂತ ಮಗಾ ಒಪ್ಪ್ಯಾನ.

ವಿಜಯಪುರದಾಕಿ

ಕಾಕಾ, ಭಾಳ ಛಲೋ ತೀರ್ಮಾನ. 44ರಿಂದ 40ಕ್ಕ ಇಳಿದ್ರ ಢಿಕ್ಕಿ ಶಕ್ತಿ ಆರರಾಗ ಒಂದು ಪಾಲಿನಷ್ಟು ಕಡಿಮಿ ಆತು. ಆಯತದ ರೆಕ್ಕಿ ಉಳಸಿಕೊಂಡದ್ದೂ ಛಲೋ. ಅದು ಮೊದಲ ಬುಡದಾಗ ಸ್ಟಾಲ್ ಆಗತದ, ತುದಿಗೆ ಗಾಳಿ ಅಂಟಿರತದ, ಏಲೆರಾನ್ (ವಿಮಾನ ಎಡಕ್ಕ ಬಲಕ್ಕ ವಾಲಸೂ ರೆಕ್ಕಿ ತುದಿ ಪಟ್ಟಿ) ಕೊನಿ ತನಕ ಮಾತು ಕೇಳತಾವ. ಚಂದ ಕಾಣಲಿ ಅಂತ ತುದಿ ಚೂಪು ಮಾಡಾಕ ಹೋಗಬ್ಯಾಡ್ರಿ.

ಆದ್ರ ಸ್ಪಾರ್ ಲೆಕ್ಕ ಪೂರ್ತಿ ಹೊಸದಾಗಿ ಹಾಕ್ರಿ. ಉದ್ದ 8ರಿಂದ 10 ಆತು, ಬುಡದ ಮ್ಯಾಲ ಬಾಗೂ ಬಲ 25 ಪರ್ಸೆಂಟ್ ಮ್ಯಾಲ ಏರತದ. ಹಳೆ ಸ್ಪಾರ್ ಅಳತಿ ನಡೆಯೂದಿಲ್ಲ.

ಉದ್ಯಮಬಾಗ ಟೂಲ್‌ರೂಮ್

ಹೌದವ್ವಾ. ಕತ್ತರಿಸದ ಉಳದದ್ದು ಪುಣ್ಯ. ಲೈಟ್ ಸ್ಪೋರ್ಟ್ ಮಾನದಂಡದ 4 ಜಿ (ತೂಕದ ನಾಲ್ಕು ಪಟ್ಟು ಭಾರ) ಹಿಡಿದು, ಅದರ ಮ್ಯಾಲ ಒಂದೂವರಿ ಪಟ್ಟು ಇಟ್ಟು ಮತ್ತೊಮ್ಮೆ ಹಾಕಾಕತ್ತೀನಿ. ಮುಗದ ಮ್ಯಾಲ ಇಲ್ಲೇ ಇಡ್ತೀನಿ, ನೀನ ನೋಡು.

ಶಹಾಪುರ ಪೇಟೆ

ಭಾರ ಹೇರಿ ಪರೀಕ್ಷಾ ಮಾಡೂದೈತೇನ್ರಿ? ನನ್ನ ಶೆಡ್ಡಿನ್ಯಾಗ ಜಾಗಾ ಐತಿ, ಚೈನ್ ಬ್ಲಾಕ್ ಐತಿ. ಎಷ್ಟು ಭಾರ ಬೇಕು?

ಉದ್ಯಮಬಾಗ ಟೂಲ್‌ರೂಮ್

ಅರ್ಧ ರೆಕ್ಕಿಗೆ 4 ಜಿ ಅಂದ್ರ 1148 ಕಿಲೋ. 50 ಕಿಲೋ ಚೀಲ 23. ಮುರಿಯೂ ಮಿತಿ ತನಕ ಹೋದ್ರ 34 ಚೀಲ ಮತ್ತ ಒಂದಿಷ್ಟು. ರೆಕ್ಕಿ ತಲಿಕೆಳಗ ಮಾಡಿ ಇಡಬೇಕು, ಉಸುಕು ಒಣಗಿರಬೇಕು. ಒಂದು ಪರೀಕ್ಷಾ ರೆಕ್ಕಿ ಅದಕ್ಕಂತನ ಮಾಡ್ತೀನಿ, ಅದು ಮುರೀಲಿ. ಮಗನಿಗೆ ಹೋಗೂದು ಬ್ಯಾರೆ.

ಶಹಾಪುರ ಪೇಟೆ

ಉಸುಕು ನನ್ನದು. ತಾರೀಖು ಹೇಳ್ರಿ.

ನವನಗರ ಗ್ಲೈಡರ್

ನಾನು ಬಾಗಲಕೋಟೆಯಿಂದ ಬರ್ತೀನಿ, ಚೀಲ ಹೊರಾಕ. ಬರೂವಾಗ 10 ಮೀಟರ್ ರೆಕ್ಕಿದು ಕಾಲು ಅಳತಿ ಮಾಡೆಲ್ ತರ್ತೀನಿ. ಅಂಕಿ ತಗಿಯೂದಿಲ್ಲ ಅಕ್ಕಾರ, ಯಾವ ರೆಕ್ಕಿ ಮೊದಲ ಬೀಳತೈತಿ ಅಂತ ನೋಡೂಣು.

ಕಬ್ಬಿನ ಗಾಡಿ

ನಮ್ಮ ಹೊಲದಾಗ ಕಬ್ಬು ಕಡದ ಮ್ಯಾಲ ಬರ್ರಿ, ಮಾಡೆಲ್ ಹಾರಸಾಕ ಜಾಗಾ ಬೇಕಾದಷ್ಟು ಐತಿ.

ಉದ್ಯಮಬಾಗ ಟೂಲ್‌ರೂಮ್

ಇವತ್ತ 23ನೇ ರಿಬ್ ಬಡಿದೆ. 249 ಗ್ರಾಂ.